ಭಾನುವಾರವಷ್ಟೇ ಕಾಣಸಿಗುವ ಪ್ರತಿವಾದಿ

ಮಾನ್ಯ ಶೆರಿಫರೇ,

ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ತಮ್ಮ ಕಚೇರಿಗೆ ಕಣ್ಣು ಕಾಣಿಸುವುದಿಲ್ಲ. ಮೊದಲನೆಯದಕ್ಕೆ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಪರಿಹಾರವಿದೆಯಂತೆ. ಎರಡನೆಯದಕ್ಕೆ ಎಲ್ಲಿದೆ ಎಂದು ಹತ್ತು ಜನರ ಎದುರಿಗೇ ಕೇಳೋಣವೆಂದು ನಮ್ಮೂರಿನ ವಾರಪತ್ರಿಕೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ನೇರವಾಗಿ ನನಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆಯಬಹುದಿತ್ತು. ಆದರೆ ಒಂದು ಕಾಗದ ಒಬ್ಬರ ಕೈಗೆ ತಲುಪುವ ವಿಷಯದಲ್ಲಿ ತಮ್ಮ ಕಚೇರಿಯ ಮೇಲೆ ನನಗಿದ್ದ ಭರವಸೆ ಈ ವರ್ಷ ಸ್ವಲ್ಪ ಸವೆದಿದೆ.

ಈಸ್ಟರಿಗೆ ಮುಂಚೆ ನಾನು ನ್ಯಾಯಾಲಯದಲ್ಲಿ ಒಂದು ಅರ್ಜಿ ಹಾಕಿದೆ. ಅದರ ಸಮನ್ಸನ್ನು ನನ್ನ ಮಾಜಿ ಗಂಡ ಎಮಿಲ್ ಕುಬಾಲಾನಿಗೆ ಜಾರಿ ಮಾಡುವ ಕೆಲಸ ತಮ್ಮ ಪಾಲಿಗೆ ಬಂತು. ತಮ್ಮ ಡೆಪ್ಯುಟಿ ಸ್ವಲ್ಪ ಕಾಲ ಅದನ್ನು ಇಟ್ಟುಕೊಂಡಿದ್ದು, "ಶ್ರದ್ಧೆಯಿಂದ ಹುಡುಕಿದಾಗ್ಯೂ ಪ್ರತಿವಾದಿ ಪತ್ತೆಯಾಗಿರುವುದಿಲ್ಲ" ಎಂದು ಷರಾ ಬರೆದು ವಾಪಸು ಕಳಿಸಿದರು. ಆ ಷರಾಕ್ಕೆ ಸಹಿ ಬೀಳುವ ಮುಂಚಿನ ಭಾನುವಾರ ಪ್ರತಿವಾದಿ ಎಲ್ಲಿದ್ದ, ನೆನಪಿದೆಯೇ? ನಮ್ಮ ಚರ್ಚಿನ ಪಿಕ್ನಿಕ್ಕಿನಲ್ಲಿ, ಓಕ್ ಮರದ ಕೆಳಗಿನ ಹಲಗೆ ವೇದಿಕೆಯ ಮೇಲೆ, ಕೆಂಪು ವೇಸ್ಟ್‌ಕೋಟ್ ತೊಟ್ಟು, ಮೈಕಿನ ಮುಂದೆ ನಿಂತು ಅಕಾರ್ಡಿಯನ್ ನುಡಿಸುತ್ತಿದ್ದ. ತಲೆಮರೆಸಿಕೊಂಡವರು ಸಾಮಾನ್ಯವಾಗಿ ಆರಿಸಿಕೊಳ್ಳುವ ಜಾಗವಲ್ಲ ಅದು. ಅವನ ಪೋಲ್ಕಾಕ್ಕೆ ಕುಣಿಯುತ್ತಿದ್ದ ಜೋಡಿಗಳಲ್ಲಿ ತಮ್ಮ ಡೆಪ್ಯುಟಿಯೂ ಅವರ ಶ್ರೀಮತಿಯೂ ಇದ್ದರು. ಚೆನ್ನಾಗಿ ಕುಣಿಯುತ್ತಾರೆ, ಆ ಬಗ್ಗೆ ನನ್ನ ತಕರಾರಿಲ್ಲ.

ಇನ್ನು ತಾವು. ಚುನಾವಣೆಯ ವರ್ಷ. ತಮ್ಮ ಹೆಸರೂ ನಕ್ಷತ್ರದ ಬಿಲ್ಲೆಯೂ ಅಚ್ಚಾಗಿದ್ದ ರಟ್ಟಿನ ಬೀಸಣಿಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಜಿನಿಂದ ಮೇಜಿಗೆ ಹೋಗಿ ಹಂಚುತ್ತಿದ್ದಿರಿ. ವೇದಿಕೆಯ ಹತ್ತಿರವೂ ಬಂದಿರಿ. "ಸೆಕೆ ಜಾಸ್ತಿ ಕಣಯ್ಯಾ ಎಮಿಲ್, ಇಟ್ಕೋ" ಎಂದು ಅವನ ಕೈಗೇ ಒಂದನ್ನು ಕೊಟ್ಟಿರಿ. ಅವನು ಇಟ್ಟುಕೊಂಡ. ಹೀಗೆ ಆ ಭಾನುವಾರ ತಮ್ಮ ಹೆಸರಿದ್ದ ಕಾಗದವೊಂದು ಪ್ರತಿವಾದಿಗೆ ಖುದ್ದಾಗಿ, ಇಡೀ ಊರಿನ ಸಮಕ್ಷಮದಲ್ಲಿ ಜಾರಿಯಾಯಿತು. ನನ್ನ ಮಗಳ ಹೆಸರಿದ್ದ ಕಾಗದ ಮಾತ್ರ ತಮ್ಮ ಕಚೇರಿಯ ಕಡತದ ತಟ್ಟೆಯಲ್ಲಿ ಮಲಗಿತ್ತು.

ಅದರಲ್ಲಿ ಬರೆದಿದ್ದದ್ದು ಇಷ್ಟೇ. ಲಿಬಿ ಹುಟ್ಟಿದಾಗಿನಿಂದ ಕಿವುಡು. ಪೂರ್ತಿ ಹೆಸರು ಲಿಬೂಶಾ, ಎಮಿಲ್‌ನ ತೀರಿಕೊಂಡ ತಾಯಿಯ ಹೆಸರು. ಕಿವಿಯ ಹಿಂದೆ ಮೂಳೆಯನ್ನು ಸ್ವಲ್ಪ ಕೊರೆದು ಒಳಗೆ ಒಂದು ಪುಟ್ಟ ಸಾಧನ ಕೂರಿಸಿದರೆ ಶಬ್ದ ಮಿದುಳಿಗೆ ತಲುಪುತ್ತದೆ, ಮಾತು ಕಲಿಯುತ್ತಾಳೆ, ಆದರೆ ಮಾತು ಕಲಿಯುವ ಈ ವಯಸ್ಸು ಜಾರಿಹೋಗುವ ಮುಂಚೆ ಆಗಬೇಕು ಎಂದು ವೈದ್ಯರು ಹೇಳಿದ್ದಾರೆ. ತಡವಾದಷ್ಟೂ ಕಷ್ಟ. ನಮ್ಮ ವಿಚ್ಛೇದನದ ತೀರ್ಪಿನಲ್ಲಿ ಮಗುವಿಗೆ ಯಾವ ಶಸ್ತ್ರಚಿಕಿತ್ಸೆ ಮಾಡಿಸಬೇಕಾದರೂ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು ಎಂದಿದೆ. ಒಪ್ಪಿಗೆ ಸಿಗದಿದ್ದರೆ ನ್ಯಾಯಾಧೀಶರು ತೀರ್ಮಾನಿಸಬಹುದು. ನ್ಯಾಯಾಧೀಶರು ತೀರ್ಮಾನಿಸಬೇಕಾದರೆ ಎಮಿಲ್‌ಗೆ ಮೊದಲು ಕಾಗದ ತಲುಪಬೇಕು. ಎಂದರೆ ನನ್ನ ಮಗಳು "ಅಮ್ಮ" ಎಂಬ ಶಬ್ದ ಕೇಳುವುದೂ ಬಿಡುವುದೂ, ಒಂದು ಕಾಗದ ಒಂದು ಕೈಯಿಂದ ಇನ್ನೊಂದು ಕೈಗೆ ಎರಡಡಿ ದೂರ ಪ್ರಯಾಣ ಮಾಡುವುದರ ಮೇಲೆ ನಿಂತಿತ್ತು.

ಎಮಿಲ್ ಕೆಟ್ಟವನಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪತ್ರಿಕೆ ಬಂದ ದಿನ ಬೇಕರಿಯ ಮುಂದೆ ಏನೇನು ಮಾತಾಡುತ್ತಾರೆಂದು ನನಗೆ ಗೊತ್ತು. ದನದ ಮೇವಿನ ಕಾರ್ಖಾನೆಯ ಲಾರಿ ಓಡಿಸುತ್ತಾನೆ. ವಾರವೆಲ್ಲ ಕ್ಯಾನ್ಸಸ್, ನೆಬ್ರಾಸ್ಕಾ ಎಂದು ಅಲೆದು ಶನಿವಾರ ಊರವರೆಲ್ಲ ಮಲಗಿದ ಮೇಲೆ ಬರುತ್ತಾನೆ, ಭಾನುವಾರ ಕತ್ತಲಾಗುವುದರೊಳಗೆ ಮತ್ತೆ ಹೊರಡುತ್ತಾನೆ. ನಡುವಿನ ಹಗಲಿನಲ್ಲಿ ಚರ್ಚಿನ ಪೂಜೆ, ಪಿಕ್ನಿಕ್ಕುಗಳ ಕಾಲವಾದರೆ ಬ್ಯಾಂಡು, ಉಳಿದದ್ದೆಲ್ಲ ಮಗಳು. ಗಸಗಸೆ ಹೂರಣದ ಕೊಲಾಚಿ ಬನ್ನುಗಳ ಪೊಟ್ಟಣ ಒಂದು ಕೈಯಲ್ಲಿ, ಅಕಾರ್ಡಿಯನ್ನಿನ ಪೆಟ್ಟಿಗೆ ಇನ್ನೊಂದು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬರುತ್ತಾನೆ. ಅವನು ಸೋಫಾದ ಮೇಲೆ ಕೂತು ನುಡಿಸಿದರೆ ಲಿಬಿ ಅಕಾರ್ಡಿಯನ್ನಿನ ತಿದಿಗೆ ಕೆನ್ನೆ ಒತ್ತಿಕೊಂಡು ನಿಲ್ಲುತ್ತಾಳೆ. ಅದು ಉಸಿರೆಳೆದಾಗ ಕಣ್ಣು ಮುಚ್ಚುತ್ತಾಳೆ, ಬಿಟ್ಟಾಗ ನಗುತ್ತಾಳೆ.

"ಆಪರೇಷನ್ ವಿಷಯ ಏನು ಯೋಚ್ನೆ ಮಾಡ್ದೆ?" ಎಂದು ನಾನು ಪ್ರತಿ ಭಾನುವಾರ ಕೇಳುತ್ತೇನೆ.

"ನೋಡೋಣ ಡೋರಿ."

"ಯಾವಾಗ ನೋಡೋಣ?"

"ಇವಳನ್ನ ನೋಡು. ಹೆಂಗೆ ನಗ್ತಾ ಇದ್ದಾಳೆ. ಕೇಳ್ಸಲ್ಲ ಅಂತ ಯಾರು ಹೇಳಿದ್ದು?"

"ಡಾಕ್ಟ್ರು ಹೇಳಿದ್ದು."

"ನಮ್ಮಜ್ಜಿಯ ತಂಗಿಗೂ ಕೇಳ್ತಿರ್ಲಿಲ್ಲ. ಹಿಟ್ಟು ಲಟ್ಟಿಸಿ ಅವರಷ್ಟು ಸಣ್ಣಗೆ ಶಾವಿಗೆ ಕುಯ್ಯೋರು ಇಡೀ ಕೌಂಟಿಲಿ ಇರ್ಲಿಲ್ಲ."

"ನನ್ನ ಮಗಳಿಗೆ ಶಾವಿಗೆ ಕುಯ್ಯೋಕೆ ಬಂದ್ರೆ ಸಾಕಾ?"

"ಕಾಫಿ ಇದ್ಯಾ?"

ಇದು ನಮ್ಮ ಮಾತುಕತೆ. ಬೇಡ ಎಂದರೆ ಜಗಳವಾಡಬಹುದು, ಬೇಕು ಎಂದರೆ ಗಾಡಿ ಹತ್ತಬಹುದು. "ನೋಡೋಣ" ಎನ್ನುವವನನ್ನು ಏನು ಮಾಡುವುದು? ಹಾಗೆ ಎದುರಿಗೇ ಕೂತವನ ಕೈಗೆ ನಾನೇ ಕಾಗದ ಕೊಡಬಾರದಿತ್ತೇ ಎಂದರೆ, ಕೊಡುವಂತಿಲ್ಲ; ಅರ್ಜಿ ಹಾಕಿದವರೇ ಸಮನ್ಸ್ ಜಾರಿ ಮಾಡುವಂತಿಲ್ಲ. ಅವನೇ ನ್ಯಾಯಾಲಯಕ್ಕೆ ಹೋಗಿ, ನನಗೆ ವಿಷಯ ತಿಳಿದಿದೆ, ಜಾರಿ ಬೇಕಿಲ್ಲ ಎಂದು ಸಹಿ ಹಾಕಬಹುದಿತ್ತು. ಅದನ್ನೂ ಕೇಳಿದೆ. ನೋಡೋಣ ಎಂದ. ನ್ಯಾಯಾಲಯದ ಅಧಿಕಾರ ಪಡೆದವರೊಬ್ಬರನ್ನು ಭಾನುವಾರ ಮನೆಗೆ ಕರೆಸಿ ಕೊಡಿಸಬಹುದಿತ್ತೇ? ಇಲ್ಲ. ನಮ್ಮ ಟೆಕ್ಸಸ್‌ನಲ್ಲಿ ಭಾನುವಾರ ಸಮನ್ಸ್ ಜಾರಿ ಮಾಡಬಾರದು.

ಈ ನಿಯಮವನ್ನು ನಾನು ಓದಿದ್ದೇನೆ. ಲಿಬಿ ಕತ್ತಲಲ್ಲಿ ಎಚ್ಚರವಾದರೆ "ಇಲ್ಲೇ ಇದ್ದೀನಿ ಕಂದ" ಎಂದು ಪಕ್ಕದ ಕೋಣೆಯಿಂದ ಕೂಗಿ ಪ್ರಯೋಜನವಿಲ್ಲ. ಅವಳಿಗೆ ದೀಪ ಬೇಕು, ನನ್ನ ಮುಖ ಬೇಕು. ಆದ್ದರಿಂದ ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ, ನನಗೆ ನಿದ್ದೆ ಬರುವುದಿಲ್ಲ, ಓದುವುದಕ್ಕೆ ಸಮಯ ಧಾರಾಳವಾಗಿದೆ. ಮನುಷ್ಯ ವಾರಕ್ಕೊಂದು ದಿನವಾದರೂ ಪ್ರಾರ್ಥನೆ ಮಾಡಿ, ಊಟ ಮಾಡಿ, ಕೋರ್ಟು ಕಚೇರಿಯ ಕಾಟವಿಲ್ಲದೆ ಇರಲಿ ಎಂಬ ಸದುದ್ದೇಶ ನನಗೂ ಅರ್ಥವಾಗುತ್ತದೆ. ನಾನೂ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವವಳೇ. ಆದರೆ ಅದೇ ನಿಯಮದ ಬಾಲದಲ್ಲಿ ವಿನಾಯಿತಿಗಳಿವೆಯಲ್ಲ ಸ್ವಾಮಿ? ಜಪ್ತಿಗೆ ಭಾನುವಾರದ ಅಡ್ಡಿಯಿಲ್ಲ. ಎಂದರೆ, ನ್ಯಾಯಾಲಯ ಜಪ್ತಿಗೆ ಆಜ್ಞೆ ಮಾಡಿದ ಹಸುವೊಂದನ್ನು ಎಮಿಲ್ ತನ್ನ ಬೇಲಿಯೊಳಗೆ ಇಟ್ಟುಕೊಂಡಿದ್ದರೆ ತಮ್ಮ ಡೆಪ್ಯುಟಿ ಪೋಲ್ಕಾದ ನಡುವೆಯೇ ವೇದಿಕೆ ಹತ್ತಿ ಆಜ್ಞೆಯನ್ನು ಅವನ ಕೈಗಿಡಬಹುದಿತ್ತು. ಲಿಬಿ ಹಸುವಾಗಿ ಹುಟ್ಟಲಿಲ್ಲ, ಅದು ಅವಳ ತಪ್ಪು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು. ಭಾನುವಾರ ಸಿಗುವವನಿಗೆ ಭಾನುವಾರ ಕೊಡುವಂತಿಲ್ಲ. ಕೊಡಬಹುದಾದ ದಿನಗಳಲ್ಲಿ ಅವನು ಸಿಗುವುದಿಲ್ಲ. ಆದ್ದರಿಂದ ಅವನು ಪತ್ತೆಯಿಲ್ಲ. ನಮ್ಮ ಪ್ರಾಧ್ಯಾಪಕರು ಇದನ್ನು ನೋಡಿದ್ದರೆ ಖುಷಿಯಿಂದ ಪರೀಕ್ಷೆಗೆ ಕೊಡುತ್ತಿದ್ದರು.

ಉಳಿದ ದಿನಗಳಲ್ಲಿ ತಮ್ಮ ಕಚೇರಿ ಏನು ಮಾಡಿತು? ಡೆಪ್ಯುಟಿಯವರು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ, ಎಮಿಲ್ ಹೆಸರಿಗೆ ಇರುವ ಬಾಡಿಗೆ ಕೋಣೆಗೆ ಹೋದರು. ಕೆಲಸದ ಹೊತ್ತಿನಲ್ಲಿ ಕೆಲಸಕ್ಕೆ ಹೋಗುವ ಮನುಷ್ಯ ಅಲ್ಲಿರಲಿಲ್ಲ. ಬಾಗಿಲ ಸಂದಿಗೆ ಒಂದು ಕಾರ್ಡು ಸಿಕ್ಕಿಸಿ ಬಂದರು: ನ್ಯಾಯಾಲಯದ ಕಾಗದ ಕೊಡಲು ಬಂದಿದ್ದೆವು, ದಯವಿಟ್ಟು ಕಚೇರಿಯನ್ನು ಸಂಪರ್ಕಿಸಿ. ಮತ್ತೆ ಹೋದರು, ಮತ್ತೊಂದು ಕಾರ್ಡು. ಗಾಳ ಹಾಕುವ ಮುಂಚೆ ಮೀನಿಗೆ ಚೀಟಿ ಬರೆದು ಕೊಳಕ್ಕೆ ಎಸೆಯುವ ಈ ಪದ್ಧತಿಯನ್ನು ಕಂಡುಹಿಡಿದವರು ಯಾರೋ ತಿಳಿಯದು, ಬಹಳ ಸಂಸ್ಕಾರವಂತರಿರಬೇಕು. ಎಮಿಲ್ ಆ ಕಾರ್ಡುಗಳನ್ನು ಭಾನುವಾರ ನಮ್ಮ ಮನೆಗೇ ತಂದು ನನ್ನ ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಲ್ಲಿ ಅಂಟಿಸಿದ.

"ಶೆರಿಫ್ ಆಫೀಸಿನವರು ಬಂದಿದ್ರಂತೆ" ಎಂದ.

"ಗೊತ್ತು."

"ಫೋನ್ ಮಾಡಿ ಅಂತ ಬರ್ದಿದ್ದಾರೆ."

"ಮಾಡು ಮತ್ತೆ."

"ಇವತ್ತು ಅವರಿಗೆ ರಜ."

ಪಿಕ್ನಿಕ್ಕಿನ ದಿನ ಸ್ಟ್ಯೂಗೆಂದು ನಿಂತ ಸಾಲಿನಲ್ಲಿ ತಮ್ಮ ಡೆಪ್ಯುಟಿ ನನ್ನ ಮುಂದೆಯೇ ಇದ್ದರು. ಬಿಟ್ಟೇನೆಯೇ? "ಅಲ್ಲಿ ನೋಡಿ, ಇದ್ದಾನೆ" ಎಂದೆ.

"ಯಾರಮ್ಮ?"

"ಪತ್ತೆಯಾಗದವನು."

ಅವರು ವೇದಿಕೆಯ ಕಡೆ ನೋಡಲೇ ಇಲ್ಲ, ತಟ್ಟೆ ನೋಡಿದರು. "ಡೋರಿ, ನಾನೀಗ ಡ್ಯೂಟಿ ಮೇಲಿಲ್ಲ. ಇವತ್ತು ಭಾನುವಾರ. ಕಾಗದಾನೂ ಆಫೀಸಿನಲ್ಲಿದೆ."

"ಒಂದು ಕೇಳಿದ್ರೆ ಮೂರು ಕಾರಣ ಕೊಟ್ರಿ."

"ಒಂದೇ ಸಾಕಿತ್ತು. ನಮ್ಮೂರ ಹುಡುಗಿ ಅಂತ ಮೂರು ಕೊಟ್ಟೆ. ಸಾಸೇಜ್ ಹಾಕಿಸ್ಕೋ, ಈ ಸಲ ಚೆನ್ನಾಗಿ ಬಂದಿದೆ."

ಸಾಸೇಜ್ ನಿಜಕ್ಕೂ ಚೆನ್ನಾಗಿತ್ತು. ಸತ್ಯವನ್ನು ಮುಚ್ಚಿಡುವುದಿಲ್ಲ.

ಕಾಗದವನ್ನು ಅವನ ಬಾಗಿಲಿಗೆ ಅಂಟಿಸಿದರೆ ಸಾಲದೇ ಎಂದು ನನ್ನ ವಕೀಲರು ನ್ಯಾಯಾಧೀಶರನ್ನು ಕೇಳಿಕೊಂಡರು. ಆ ಕೋಣೆಯಲ್ಲಿ ಅವನು ಮಲಗುವುದೇ ಅಪರೂಪ, ವಾಸವೆಲ್ಲ ಲಾರಿಯಲ್ಲಿ, ಅಲ್ಲಿರುವುದು ಬ್ಯಾಂಡಿನ ಸಾಮಾನು ಮಾತ್ರ. ಮಗುವಿನ ತಲೆ ಕೊರೆಯುವ ವಿಷಯವನ್ನು ತಂದೆಗೆ ಕದದ ಮೂಲಕ ತಿಳಿಸಲಾಗದು, ಕೈಗೇ ಕೊಡಿಸಿ ಎಂದರು ನ್ಯಾಯಾಧೀಶರು. ಅವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೇನೋ. ಆಮೇಲೆ ತಮ್ಮ ಕಚೇರಿಯ ಕಿಟಕಿಗೆ ಹೋದೆ. ಕಿಟಕಿಯ ಹಿಂದಿನ ಮಹಿಳೆ ಬಹಳ ಮರುಕದಿಂದ, "ಒಬ್ಬ ಖಾಸಗಿ ಪತ್ತೇದಾರರನ್ನ ಗೊತ್ತು ಮಾಡ್ಕೊಳ್ಳಮ್ಮ, ಇಂಥದಕ್ಕೆಲ್ಲ ಎಲ್ರೂ ಹಾಗೇ ಮಾಡೋದು" ಎಂದರು. ಎಲ್ಲರೂ ಹಾಗೇ ಮಾಡುವುದಾದರೆ ಕಿಟಕಿ ಏತಕ್ಕೆ ಎಂದು ಕೇಳಬೇಕೆನಿಸಿತು. ಲಿಬಿ ಕೈ ಎಳೆಯುತ್ತಿದ್ದಳು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಹೀಗೆ ಓರಾಲಿಯಾ ಟ್ರೆವಿನ್ಯೊ ಅವರು ನಮ್ಮ ಮನೆಗೆ ಬಂದರು. ಪಕ್ಕದ ಕೌಂಟಿಯವರು, ಪರವಾನಗಿ ಇರುವ ಪತ್ತೇದಾರರು, ಸಮನ್ಸ್ ಜಾರಿ ಮಾಡುವ ಅಧಿಕಾರವನ್ನೂ ಪಡೆದವರು. ನನ್ನ ತಾಯಿಯ ವಯಸ್ಸು, ದಪ್ಪ ಕನ್ನಡಕ, ಚೀಲದಲ್ಲಿ ಸದಾ ಹುಣಿಸೆ ಮಿಠಾಯಿ. ಮೇಜಿಗೆ ಕೂತು ಮೊದಲ ಪ್ರಶ್ನೆ ಕೇಳಿದರು.

"ಕೊನೇ ಸಲ ಅವನನ್ನ ನೋಡಿದ್ದು ಯಾವಾಗ ಮಗಳೇ?"

"ಮೊನ್ನೆ ಭಾನುವಾರ."

"ಎಲ್ಲಿ?"

"ನೀವು ಕೂತಿದ್ದೀರಲ್ಲ, ಆ ಕುರ್ಚೀಲಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೆಕ್ಸಿಕೋಗೆ ಓಡಿಹೋದವರನ್ನ ಹುಡುಕಿದ್ದೀನಿ. ಸತ್ತೋದೆ ಅಂತ ಸುಳ್ಳು ಹೇಳಿದವರನ್ನ ಹುಡುಕಿದ್ದೀನಿ. ಅಡುಗೆಮನೇಲಿ ಕೂತವನನ್ನ ಹುಡುಕ್ಕೊಡಿ ಅಂತ ಕರ್ದಿದ್ದು ನೀನೇ ಮೊದಲು."

ಅವರೂ ಎಡವಿದರು, ಅದನ್ನೂ ಹೇಳಬೇಕು. ಬೇಸಗೆಯ ಒಂದು ಬುಧವಾರ ಮೇವಿನ ಕಾರ್ಖಾನೆಯ ಅಂಗಳದಲ್ಲಿ ಕಾದಿದ್ದು, ಲಾರಿಯಿಂದ ಇಳಿದವನನ್ನು "ಎಮಿಲ್ ಕುಬಾಲಾ ಅವರಾ?" ಎಂದು ಕೇಳಿದರು. ಹೌದು ಎಂದ. ಕೊಟ್ಟರು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾಗದ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ" ಎಂದ. ಹೆಂಗಸರು ಏನಾದರೂ ಕೊಟ್ಟರೆ ಕೈ ಒರೆಸಿಕೊಂಡು ತೆಗೆದುಕೊಳ್ಳಬೇಕು ಎಂದೇ ಚೆಕ್ ದೇಶದ ಮೂಲದ ನಮ್ಮ ಮನೆಗಳಲ್ಲಿ ಹುಡುಗರನ್ನು ಬೆಳೆಸುವುದು. ಆದರೆ ಅದೇ ಮನೆಗಳಲ್ಲಿ ತಾತನ ಹೆಸರನ್ನು ಎಲ್ಲ ಮೊಮ್ಮಕ್ಕಳಿಗೂ ಇಡುತ್ತಾರೆ. ಅವನು ಎಮಿಲ್‌ನ ದೊಡ್ಡಪ್ಪನ ಮಗ, ಇನ್ನೊಬ್ಬ ಎಮಿಲ್ ಕುಬಾಲಾ. ಅದೇ ಕಾರ್ಖಾನೆ, ಅದೇ ಬಣ್ಣದ ಲಾರಿ. ಸಂಜೆ ನನಗೆ ಫೋನ್ ಬಂತು.

"ಡೋರಿ, ಒಬ್ಬರು ಹೆಂಗಸು ಬಂದು ಕಾಗದ ಕೊಟ್ರು. ಓದ್ದೆ. ನಿನ್ನ ಮೇಲೆ ನಂಗೆ ಬಹಳ ಗೌರವ ಇದೆ ಕಣಮ್ಮ."

"ಅದು ನಿನಗಲ್ಲ ಭಾವ."

"ಹೌದಾ? ಸದ್ಯ. ನಿಂಗೂ ನಂಗೂ ಮಗು ಯಾವಾಗ ಆಯ್ತು ಅಂತ ಆಗ್ಲಿಂದ ಯೋಚ್ನೆ ಮಾಡ್ತಿದ್ದೀನಿ. ನಮ್ಮ ಮಾರ್ಗರೆಟ್ಟೂ ಇಲ್ಲೇ ನಿಂತಿದ್ದಾಳೆ, ಅವಳೂ ಅದನ್ನೇ ಯೋಚ್ನೆ ಮಾಡ್ತಿದ್ದಾಳೆ. ಒಂದ್ಸಲ ನೀನೇ ಅವಳಿಗೆ ಹೇಳ್ಬಿಡು, ಪುಣ್ಯ ಬರುತ್ತೆ."

ಮಾರ್ಗರೆಟ್‌ಗೆ ಹೇಳಿದೆ. ಸಮನ್ಸನ್ನು ನ್ಯಾಯಾಲಯದಿಂದ ಮತ್ತೆ ಹೊಸದಾಗಿ ತೆಗೆಸಿದೆ. ಅಷ್ಟರಲ್ಲಿ ನನ್ನ ಎಮಿಲ್‌ಗೆ ಸುದ್ದಿ ಮುಟ್ಟಿತ್ತು; ಲಾರಿ ನಿಲ್ಲಿಸುವ ಜಾಗ ಬದಲಾಯಿತು, ಯಾವ ಸರಕು ಎಲ್ಲಿಗೆ ಎನ್ನುವುದನ್ನು ಹೇಳುವುದು ನಿಲ್ಲಿಸಿದ. 'ಅಮ್ಮ' ಎಂಬ ಮಾತನ್ನು ನನ್ನ ತುಟಿಯಲ್ಲಿ ನೋಡಿಕೊಂಡೇ ಲಿಬಿಗೆ ಒಂದೂವರೆ ವರ್ಷ ತುಂಬಿತು. ಹ್ಯೂಸ್ಟನ್ನಿನಿಂದ ಫೋನು ಬಂದಾಗಲೆಲ್ಲ ನಾನು ಕೊಟ್ಟ ಉತ್ತರ ಎಮಿಲ್‌ನ ಉತ್ತರವೇ ಆಗಿತ್ತು: ನೋಡೋಣ.

ಅಕ್ಟೋಬರಿನಲ್ಲಿ ಓರಾಲಿಯಾ ಮತ್ತೆ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಗೋಡೆಯ ಮೇಲೆ ಲಿಬಿಯ ಅಜ್ಜಿಯ ಫೋಟೋ ಇದೆ. ಅದನ್ನು ಬಹಳ ಹೊತ್ತು ನೋಡಿದರು.

"ಇವರು ಅವನ ತಾಯೀನಾ?"

"ಹೌದು. ಚರ್ಚಿನ ಹಿಂದೆ ಮಣ್ಣು ಮಾಡಿರೋದು."

"ನವೆಂಬರ್ ಎರಡಕ್ಕೆ ಬರ್ತಾನಾ?"

ಅಂದು ಸತ್ತವರ ದಿನ. ಸಮಾಧಿಗಳನ್ನು ತೊಳೆದು, ಸೇವಂತಿಗೆ ಇಟ್ಟು, ಕೆಂಪು ಗಾಜಿನ ಲೋಟಗಳಲ್ಲಿ ಮೇಣದ ಬತ್ತಿ ಹಚ್ಚುತ್ತೇವೆ; ಪಾದ್ರಿಗಳು ಸಾಲು ಸಾಲಾಗಿ ಬಂದು ಹರಸುತ್ತಾರೆ. ನಮ್ಮವರಲ್ಲಿ ಆ ದಿನ ಬರುತ್ತೀಯಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನೆಬ್ರಾಸ್ಕಾದಲ್ಲಿದ್ದರೂ ಬರುತ್ತಾನೆ ಎಂದು ಕೊನೆಗೆ ನಾನೇ ಬಾಯಿ ಬಿಟ್ಟೆ.

"ನಮ್ಮವರೂ ಆವತ್ತೇ ಬರೋದು" ಎಂದರು ಓರಾಲಿಯಾ. ಅವರು ಹೇಳುತ್ತಿದ್ದುದು ಬದುಕಿರುವವರ ಬಗ್ಗೆಯಲ್ಲ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಂಡನಿಗೂ ಅಣ್ಣನಿಗೂ ಮೇಜಿನ ಮೇಲೆ ಊಟ ಇಟ್ಟು ಕಾಯುತ್ತಾರಂತೆ.

ಈ ವರ್ಷ ಆ ಎರಡನೆಯ ತಾರೀಖು ಗುರುವಾರವಾಗಿತ್ತು. ಎಮಿಲ್ ಬೇಲಿಯ ಪಕ್ಕ ಲಾರಿಯನ್ನೇ ನಿಲ್ಲಿಸಿ, ಭಾನುವಾರದ ಕೋಟು ತೊಟ್ಟು, ತಲೆ ಬಾಚಿ, ಸೇವಂತಿಗೆ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಇಡೀ ಬೇಸಗೆ ಒಬ್ಬ ಪತ್ತೇದಾರರಿಂದ ತಪ್ಪಿಸಿಕೊಂಡವನು ಅಕ್ಕಪಕ್ಕ ಕೂಡ ನೋಡಲಿಲ್ಲ. ಲಿಬಿ ಓಡಿಹೋಗಿ ಅವನ ಎದೆ ತಟ್ಟಿ, ಅಕಾರ್ಡಿಯನ್ ಎಲ್ಲಿ ಎನ್ನುವಂತೆ ಮುಖ ನೋಡಿದಳು. ಓರಾಲಿಯಾ ಮೊದಲೇ ಬಂದಿದ್ದರು. ಚೆಂಡುಹೂವಿನ ಒಂದು ಕಟ್ಟು ತಂದು ನನ್ನ ಅತ್ತೆಯ ಕಲ್ಲಿನ ಬುಡದಲ್ಲಿಟ್ಟಿದ್ದರು. ಬರಿಗೈಲಿ ಬರೋ ಜಾಗ ಅಲ್ಲ ಮಗಳೇ ಎಂದಿದ್ದರು. ಅವನು ಬತ್ತಿ ಹಚ್ಚಿ, ಮೊಣಕಾಲೂರಿ, ಪ್ರಾರ್ಥನೆ ಮುಗಿಸಿ ಎದ್ದು ನಿಲ್ಲುವವರೆಗೂ ದೂರದಲ್ಲೇ ಇದ್ದರು.

"ಎಮಿಲ್ ಕುಬಾಲಾ ಅವರಾ?"

"ಹೌದು."

"ಇಲ್ಲಿ ಮಲಗಿರೋ ಲಿಬೂಶಾ ಅವರ ಮಗ?" ಒಂದು ಸಲ ಸುಟ್ಟುಕೊಂಡವರು ಎರಡು ಪ್ರಶ್ನೆ ಕೇಳುತ್ತಾರೆ.

"ಹೌದು ಮೇಡಂ."

"ಇದು ನಿಮಗೆ."

ಎಮಿಲ್ ಕಾಗದ ನೋಡಿದ. ಅವನಿಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು. "ಇವತ್ತು ಕೊಡೋ ಹಾಗಿಲ್ಲವಲ್ಲ ಮೇಡಂ."

"ಯಾಕೆ?"

"ಇವತ್ತು ದೇವರ ದಿನ. ಎಲ್ರೂ ಬಂದಿದ್ದಾರೆ, ಫಾದರ್ ಬಂದಿದ್ದಾರೆ. ಭಾನುವಾರದ ಹಾಗೇ ತಾನೇ?"

"ನಿಮಗೆ ದೇವರ ದಿನ. ನಂಗೂ ದೇವರ ದಿನ. ಕೋರ್ಟಿಗೆ ಗುರುವಾರ."

ಶೆರಿಫರೇ, ಅವನು ತಪ್ಪಿದ್ದು ಅಲ್ಲಿ. ಕಾನೂನು ಗೌರವಿಸುವುದು ದೇವರನ್ನು ಎಂದು ತಿಳಿದಿದ್ದ. ಕಾನೂನು ಗೌರವಿಸುವುದು ಪಂಚಾಂಗವನ್ನು. ತಾಯಿಯ ಸಮಾಧಿಯ ಮುಂದೆ ನಿಂತವನಿಗೆ ಇಲ್ಲದ ರಕ್ಷಣೆ ಪಿಕ್ನಿಕ್ಕಿನಲ್ಲಿ ಸಾಸೇಜ್ ತಿನ್ನುವವನಿಗಿದೆ. ಭಾನುವಾರದ ಅವನ ನೆಮ್ಮದಿಯನ್ನು ತಾವೆಲ್ಲ ಸೇರಿ ಎಷ್ಟು ಚೆನ್ನಾಗಿ ಕಾಪಾಡಿದಿರೆಂದರೆ, ಕೊನೆಗೆ ಅವನ ಪಾಲಿಗೆ ಉಳಿದ ಅತ್ಯಂತ ಪವಿತ್ರವಾದ ಗಳಿಗೆಯಲ್ಲೇ ಅವನನ್ನು ಹಿಡಿಯಬೇಕಾಯಿತು. ಅವನು ನನ್ನ ಕಡೆ ತಿರುಗಿದ. "ಅಮ್ಮನ ಮುಂದೇನಾ ಡೋರಿ?" ಎಂದ. ನಾನು ಲಿಬಿಯನ್ನು ಎತ್ತಿಕೊಂಡೆ. ಆಮೇಲೆ ಅವನು ಮೇಣ ಮೆತ್ತಿದ ಕೈಯನ್ನು ಕೋಟಿಗೆ ಒರೆಸಿಕೊಂಡು, ಕಾಗದ ತೆಗೆದುಕೊಂಡು, ಓರಾಲಿಯಾ ಅವರಿಗೆ ಥ್ಯಾಂಕ್ಸ್ ಹೇಳಿದ. ಹಾಗೇ ಬೆಳೆಸಿದ್ದರು ಆ ಕಲ್ಲಿನ ಕೆಳಗಿರುವವರು.

ಮುಂದಿನ ಭಾನುವಾರ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಕೊಲಾಚಿ ಇರಲಿಲ್ಲ, ಅಕಾರ್ಡಿಯನ್ ಇರಲಿಲ್ಲ. ಲಿಬಿ ಅವನ ಬೆನ್ನ ಹಿಂದೆ ಹುಡುಕಿದಳು, ಬಾಗಿಲ ಹೊರಗೆ ಹೋಗಿ ನೋಡಿ ಬಂದಳು, ಆಮೇಲೆ ಅವನ ಹೊಟ್ಟೆಗೇ ಕೆನ್ನೆ ಒತ್ತಿಕೊಂಡು ನಿಂತಳು. ಅವನು ಜೇಬಿನಿಂದ ಕಾಗದ ತೆಗೆದ. ಮಡಿಕೆಗಳು ಸವೆಯುವಷ್ಟು ಓದಿದ್ದ.

"ಕೊರೆಯುವಾಗ ನೋಯುತ್ತಾ ಅವಳಿಗೆ?"

"ಮಂಪರು ಕೊಡ್ತಾರೆ. ಗೊತ್ತಾಗಲ್ಲ."

"ಆಮೇಲೆ ಎಲ್ಲಾ ಕೇಳ್ಸುತ್ತಾ?"

"ಕೇಳೋದನ್ನ ಕಲೀಬೇಕು. ನಿಧಾನ."

ಕಾಗದವನ್ನು ಮತ್ತೆ ಮಡಿಸಿದ. "ನನ್ನ ಅಕಾರ್ಡಿಯನ್ ಹೆಂಗೆ ಕೇಳ್ಸುತ್ತೆ?"

ಸುಳ್ಳು ಹೇಳಬಹುದಿತ್ತು. ಇದನ್ನು ನಾನು ವೈದ್ಯರನ್ನು ಮೊದಲೇ ಕೇಳಿದ್ದೆ. "ಮಾತು ಚೆನ್ನಾಗಿ ಕೇಳ್ಸುತ್ತಂತೆ. ಸಂಗೀತ ಕಷ್ಟವಂತೆ. ಮೊದಮೊದಲು ತಗಡು ಡಬ್ಬ ಬಡಿದ ಹಾಗಿರಬಹುದು ಅಂದ್ರು."

ಎಮಿಲ್ ಮಗಳ ತಲೆಯ ಮೇಲೆ ಕೈಯಿಟ್ಟ. "ಈಗ ಕೆನ್ನೆಗೆ ಚೆನ್ನಾಗಿ ಕೇಳ್ತಾ ಇದೆ ಅವಳಿಗೆ" ಎಂದ. ಆಮೇಲೆ, "ಹ್ಯೂಸ್ಟನ್ನಿಗೆ ನಾನೂ ಬರ್ತೀನಿ. ಆ ಡಾಕ್ಟ್ರನ್ನ ನಾನೇ ಒಂದು ಮಾತು ಕೇಳ್ಬೇಕು."

ಆಗಲಿ ಎಂದಿಲ್ಲ. ಬೇಡ ಎಂದೂ ಇಲ್ಲ. ಕ್ರಿಸ್‌ಮಸ್‌ಗೆ ಮುಂಚೆ ವಿಚಾರಣೆಯಿದೆ. ಅವನು ಏನು ಹೇಳುತ್ತಾನೋ, ನ್ಯಾಯಾಧೀಶರು ಏನು ಹೇಳುತ್ತಾರೋ ನನಗೆ ತಿಳಿಯದು. ಆದರೆ ಅಕಾರ್ಡಿಯನ್ನಿನ ಈ ಪ್ರಶ್ನೆ ಈಸ್ಟರಿನಿಂದಲೂ ಅವನೊಳಗೆ ಕೂತಿತ್ತು. "ನೋಡೋಣ" ಎಂಬ ಮಾತಿನ ಕೆಳಗೆ, ಕಾಫಿಯ ಕೆಳಗೆ, ಶಾವಿಗೆಯ ಕೆಳಗೆ ಇದೊಂದೇ ಇತ್ತು. ನ್ಯಾಯಾಲಯದ ಕಾಗದಕ್ಕೆ ಇರುವ ಗುಣ ಅದೇ ತಾನೇ? ಅದು ಏನನ್ನೂ ತೀರ್ಮಾನಿಸುವುದಿಲ್ಲ, ಮುಂದೂಡುವುದನ್ನು ಮಾತ್ರ ನಿಲ್ಲಿಸುತ್ತದೆ. ತಮ್ಮ ಡೆಪ್ಯುಟಿ ಕಾರ್ಡು ಸಿಕ್ಕಿಸುವ ಬದಲು ವಸಂತದಲ್ಲೇ ಒಂದು ದಿನ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದರೆ, ಈ ಪ್ರಶ್ನೆಯನ್ನು ಅವನು ಆಗಲೇ ಕೇಳುತ್ತಿದ್ದ. ಕಳೆದುಹೋದ ಆ ಕಾಲ ನನ್ನದಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಅದು ಮಾತು ಕಲಿಯುವ ವಯಸ್ಸಿನ ಮಗುವಿನದು. ಅದನ್ನು ವಾಪಸು ಕೇಳಲು ಯಾವ ಕಿಟಕಿಗೆ ಹೋಗಲಿ?

ಚುನಾವಣೆಯಲ್ಲಿ ತಾವು ಗೆದ್ದಿದ್ದೀರಿ, ಅಭಿನಂದನೆಗಳು. ಇನ್ನು ನನ್ನ ಕೇಳಿಕೆ. ಮಗುವಿನ ವಿಷಯದ ಕಾಗದವಾದರೆ ಮುಂಗಡ ಕಾರ್ಡು ಇಡುವ ಸೌಜನ್ಯವನ್ನು ಇಂದಿನಿಂದಲೇ ನಿಲ್ಲಿಸಿ. ಕೆಲಸಕ್ಕೆ ಹೋಗುವವನನ್ನು ಅವನು ಕೆಲಸ ಮಾಡುವ ಜಾಗದಲ್ಲಿ ಹುಡುಕಿ. ಹೊಸ ವಾಹನಗಳಿಗೆಂದು ಶಾಸನಸಭೆಯ ಪ್ರತಿ ಅಧಿವೇಶನದಲ್ಲೂ ರಾಜಧಾನಿ ಆಸ್ಟಿನ್ನಿಗೆ ಹೋಗಿ ಕೈಮುಗಿದು ಬರುತ್ತೀರಲ್ಲ, ಮುಂದಿನ ಸಲ ಅದರ ಜೊತೆಗೆ ಭಾನುವಾರದ ವಿನಾಯಿತಿಗಳ ಸಾಲಿನಲ್ಲಿ, ಹಸುವಿನ ಪಕ್ಕದಲ್ಲಿ, ಮಗುವಿಗೂ ಒಂದಿಷ್ಟು ಜಾಗ ಮಾಡಿಕೊಡಿ ಎಂದು ಕೇಳಿ ಬನ್ನಿ. ಮತ್ತು ಆ ಷರಾವನ್ನು ತಿದ್ದಿ. ನ್ಯಾಯಾಲಯದ ಕಡತದಲ್ಲಿ ನನ್ನ ಮಗಳ ತಂದೆ ಪತ್ತೆಯಾಗದವನು ಎಂದು ಶಾಶ್ವತವಾಗಿ ಉಳಿಯುವುದು ನನಗೆ ಬೇಡ. ದೊಡ್ಡವಳಾದ ಮೇಲೆ ಅವಳು ಅದನ್ನು ಓದಬಾರದು. ಅವನು ಪ್ರತಿ ಭಾನುವಾರವೂ ಪತ್ತೆಯಾಗಿದ್ದ, ನಾವು ಅವನ ಸಂಗೀತಕ್ಕೆ ಕುಣಿದೆವು ಎಂದು ಬರೆಯಿರಿ. ಅದೇ ನಿಜ.

ಅಂದು ತಾವು ಕೊಟ್ಟ ಬೀಸಣಿಗೆಯನ್ನು ಎಮಿಲ್ ನಮ್ಮ ಸೋಫಾದ ಮೇಲೆ ಮರೆತುಹೋಗಿದ್ದಾನೆ. ಅದರಿಂದ ಬರುವ ಗಾಳಿ ಲಿಬಿಗೆ ಇಷ್ಟ. ಮುಂದಿನ ಚುನಾವಣೆಗೆ ಬೇಕೆನಿಸಿದರೆ ಬಂದು ತೆಗೆದುಕೊಂಡು ಹೋಗಿ. ಭಾನುವಾರ ಬಂದರೆ ಪ್ರತಿವಾದಿಯೂ ಇರುತ್ತಾನೆ.

ಇಂತಿ,
ಪ್ರತಿವಾದಿಯ ವಿಳಾಸವನ್ನು ಮೊದಲಿನಿಂದಲೂ ಬಲ್ಲ,
ನಿದ್ದೆಯ ವಿಳಾಸವನ್ನು ಮಾತ್ರ ಕಳೆದುಕೊಂಡ ಅರ್ಜಿದಾರಳು